ಅರ್ಜುನಪ್ಪ ಮುಗದಕ್ಕೆ ಹೋಗುತ್ತಿದ್ದ ದಿನ

ನವೆಂಬರ್ ಹನ್ನೆರಡು ಹತ್ತಿರ ಬಂದಂತೆ ಕರುಣಾಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವುದು ಅವಳ ಕೆಲಸ. ಆ ವಾರ ಒಂದೇ ತುಂಡನ್ನು ಮೂರು ಸಲ ಅಳೆದು, ಮೂರು ಸಲವೂ ಅಳತೆ ಬರೆಯುವುದನ್ನು ಮರೆತಳು.

ಹನ್ನೆರಡು ಅವಳ ಹುಟ್ಟಿದ ಹಬ್ಬ. ಅವತ್ತು ಅಪ್ಪ ಒಮ್ಮೆಯೂ ಮನೆಯಲ್ಲಿ ಇದ್ದವನಲ್ಲ. ಅರ್ಜುನಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ರಜೆಯನ್ನು ನವೆಂಬರಿಗೇ ತೆಗೆದುಕೊಂಡು ಧಾರವಾಡಕ್ಕೆ ಬರುತ್ತಿದ್ದ, ಮಗಳಿಗೆ ಹೊಸ ಬಟ್ಟೆ ತರುತ್ತಿದ್ದ. ಆ ದಿನ ಮಾತ್ರ ಬೆಳಗಿನ ಚಹಾ ಕುಡಿದು ಹೊರಬಿದ್ದವನ ಪತ್ತೆ ಸಂಜೆಯವರೆಗೆ ಇರುತ್ತಿರಲಿಲ್ಲ. ನಿವೃತ್ತನಾದ ಮೇಲೂ ಹಾಗೆಯೇ. ಎಲ್ಲಿಗೆ ಅಂದರೆ, ಕೆಲಸ ಇತ್ತು ಅನ್ನುತ್ತಿದ್ದ.

ಕರುಣಾ ಇನ್ನೂ ಕೂಸಾಗಿದ್ದಾಗಲೇ ಅವ್ವ ಶೇವಂತೆವ್ವನಿಗೆ ಅವನ ಅಂಗಿ ಒಗೆಯುವಾಗ ಹತ್ತಿರದ ಮುಗದ ಎಂಬ ಹಳ್ಳಿಯ ಬಸ್ ಟಿಕೆಟ್ ಸಿಕ್ಕಿತ್ತು. ಮುಗದದಲ್ಲಿ ಅವರಿಗೆ ಬಂಧುಗಳಿಲ್ಲ, ಬಳಗವಿಲ್ಲ. ಅಲ್ಲಿ ಇನ್ನೊಬ್ಬ ಹೆಂಗಸು ಇದ್ದಾಳೆಂದೇ ಅವಳು ತಿಳಿದುಕೊಂಡಳು. ಕೇಳಿದರೆ ಅವನು ಹೂಂ ಅಂದುಬಿಟ್ಟಾನೆಂದು ಹೆದರಿ ಕೇಳದೇ ಬಿಟ್ಟಳು. ಹೀಗೆ ಮೂವತ್ತು ವರ್ಷ ದಾಟಿತು. ಹೋದ ಆಷಾಢದಲ್ಲಿ ಅರ್ಜುನಪ್ಪ ತೀರಿಕೊಂಡಾಗ ಮಣ್ಣಿಗೆ ಬಂದ ಹೆಂಗಸರ ಮುಖಗಳನ್ನೆಲ್ಲ ಅವಳು ಒಂದೊಂದಾಗಿ ನೋಡಿದ್ದಳು. ಇದನ್ನು ಮಗಳಿಗೆ ಹೇಳಿದ್ದು ಮೊನ್ನೆ ಮೊನ್ನೆ. ಹೇಳಿ, ಸತ್ತವರ ಸುದ್ದಿ ಇನ್ನ ಕೆದರಬ್ಯಾಡ ಅಂತ ಅವಳೇ ಬಾಯಿ ಮುಚ್ಚಿಸಿದಳು.

ಆದರೆ ಕರುಣಾಗೆ ಬಿಡಲಾಗಲಿಲ್ಲ. ಭಾನುವಾರ ಹುಬ್ಬಳ್ಳಿಗೆ ಹೋದಳು. ಅಪ್ಪನ ಜೊತೆ ಒಂದೇ ತುಕಡಿಯಲ್ಲಿದ್ದ ರಾಜಶೇಖರನದು ಗೋಕುಲ ರಸ್ತೆಯಲ್ಲಿ ಟೈರಿನ ಅಂಗಡಿ. ಅವಳು ಕೇಳಿದ್ದಕ್ಕೆ ರಾಜಶೇಖರ ಮೊದಲು ಚಹಾ ತರಿಸಿದ, ಆಮೇಲೆ ಗಿರಾಕಿಯೊಬ್ಬನ ಜೊತೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಾತಾಡಿದ. ಕರುಣಾ ಎದ್ದು ಹೋಗಲಿಲ್ಲ. ಕೊನೆಗೆ ಬಂದು ಎದುರಿಗೆ ಕೂತು ಹೇಳಿದ.

ಅವರು ಕಾಶ್ಮೀರದಲ್ಲಿದ್ದಾಗ ಮುಗದದ ಸಿದ್ದಪ್ಪ ಅನ್ನುವ ಹುಡುಗನೂ ಲಾರಿ ಓಡಿಸುತ್ತಿದ್ದ. ಅವತ್ತು ಘಟ್ಟ ಹತ್ತುವ ಸರದಿ ಅರ್ಜುನಪ್ಪನದು. ಆದರೆ ಹೆಂಡತಿಯನ್ನು ಹೆರಿಗೆಗೆ ಸೇರಿಸಿದ್ದೇವೆ, ನಾಳೆ ಮಧ್ಯಾಹ್ನ ಫೋನ್ ಮಾಡುತ್ತೇವೆ ಅಂತ ಹಿಂದಿನ ದಿನ ತಂತಿ ಬಂದಿತ್ತು. ಸಿದ್ದಪ್ಪ ತಾನಾಗಿಯೇ, ನೀ ಫೋನಿನ ಹತ್ರ ಕೂಡು, ನಾ ಹೋಗ್ತೇನಿ ಅಂದ. ಘಟ್ಟದಲ್ಲಿ ಗುಡ್ಡ ಕುಸಿದು ಲಾರಿ ಕೆಳಗೆ ಹೋಯಿತು. ಮಗಳು ಹುಟ್ಟಿದಳೆಂಬ ಫೋನು, ಸಿದ್ದಪ್ಪ ಹೋದನೆಂಬ ಸುದ್ದಿ, ಎರಡೂ ಒಂದೇ ಮಧ್ಯಾಹ್ನ ಬಂದವು.

"ಮನ್ಯಾಗ ಯಾಕ ಹೇಳಲಿಲ್ಲ ಕಾಕಾ?"

"ಹೇಳಿದ್ರ ನೀ ಹುಟ್ಟಿದ ದಿನಾ ಪ್ರತಿ ವರ್ಷ ಅವನನ್ನ ನೆನಸಿ ಅಳತೀ ಅಂತಿದ್ದ. ಆ ಭಾರ ನನಗೊಬ್ಬಗ ಇರಲಿ ಅಂತಿದ್ದ. ಅದಕ್ಕ ವರ್ಷಾ ಅವತ್ತು ಸಿದ್ದಪ್ಪನ ಅವ್ವನ್ನ ನೋಡಾಕ ಒಬ್ಬನ ಮುಗದಕ್ಕ ಹೋಗತಿದ್ದ."

ಹಳೆ ಬಸ್ ನಿಲ್ದಾಣದವರೆಗೆ ಕರುಣಾ ನಡೆದೇ ಹೋದಳು. ಬಂದ ಎರಡು ಬಸ್ಸು ಬಿಟ್ಟಳು. ಅವತ್ತಿನ ಸರದಿ ಅಪ್ಪನದೆಂದು ಸಿದ್ದಪ್ಪನ ತಾಯಿಗೆ ಗೊತ್ತೋ ಇಲ್ಲವೋ? ಗೊತ್ತಿಲ್ಲದಿದ್ದರೆ ಹೇಳಬೇಕೋ ಬೇಡವೋ? ಮೂರು ದಿನ ಇದೇ ತಲೆಯಲ್ಲಿ ಗಿರಕಿ ಹೊಡೆಯಿತು. ಹನ್ನೆರಡರ ಬೆಳಿಗ್ಗೆ ರಜೆ ಹಾಕಿ, ಅವ್ವನಿಗೆ ಹೇಳದೇ ಮುಗದದ ಬಸ್ಸು ಹತ್ತಿದಳು.

ಸಿದ್ದಪ್ಪನ ಅವ್ವ ಕಾಳವ್ವನಿಗೆ ಎಪ್ಪತ್ತೈದು ದಾಟಿತ್ತು. ಮನೆ ಮುಂದಿನ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದಳು. ಕರುಣಾ ಹೆಸರು ಹೇಳುವ ಮೊದಲೇ, ಅರ್ಜುನನ ಮಗಳೇನು ಅಂತ ಕೇಳಿದಳು. ಅಪ್ಪ ಇಲ್ಲವೆಂದು ತಿಳಿದಾಗ ಸೆರಗು ಬಾಯಿಗಿಟ್ಟುಕೊಂಡು, ಅವಳನ್ನು ಕೈಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು.

"ಅಜ್ಜಿ, ಅವತ್ತು ಸರದಿ ನಮ್ಮಪ್ಪಂದಿತ್ತು," ಅಂದಳು ಕರುಣಾ. ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡ ಮಾತೆಲ್ಲ ಹೋಗಿ ಇಷ್ಟೇ ಉಳಿದಿತ್ತು.

"ಗೊತ್ತೈತವ್ವ. ಮೊದಲನೇ ವರ್ಷ ಬಂದಾಗನ ಹೇಳಿದ. ಎದ್ದು ಹೋಗು ಅಂದೆ."

ಮರುವರ್ಷ ಅರ್ಜುನಪ್ಪ ಮತ್ತೆ ಬಂದನಂತೆ. ಕಾಳವ್ವ ಬಾಗಿಲು ಹಾಕಿಕೊಂಡಳು. ಅವನು ಸಂಜೆಯವರೆಗೆ ಕಟ್ಟೆಯ ಮೇಲೆ ಕೂತು ಎದ್ದು ಹೋದ. ನಾಲ್ಕನೇ ವರ್ಷದವರೆಗೂ ಹೀಗೆಯೇ. ಅವನ ಜಾತಿಯ ಕಾರಣಕ್ಕೆ ಕಾಳವ್ವ ಒಳಗೆ ಕರೆಯುವುದಿಲ್ಲವೆಂದು ಓಣಿಯವರು ತಿಳಿದರು. ಅವಳು ತಿದ್ದಲಿಲ್ಲ. ತಿದ್ದಿದರೆ ನಿಜವಾದ ಕಾರಣ ಹೇಳಬೇಕಾಗುತ್ತಿತ್ತು. ಅದು ತನ್ನ ತಪ್ಪೆಂದು ಕಾಳವ್ವ ಈಗ ನೆಲ ನೋಡುತ್ತ ಹೇಳಿದಳು.

"ಐದನೇ ವರ್ಷ ನಾನ ಬಾಗಲಾ ತಗದೆ. ನನ್ನ ಮಗಾ ಅಲ್ಲಿ ಏನ್ ತಿಂತಿದ್ದ, ಚಳಿಗೆ ಏನ್ ಹೊಚಗೊಂತಿದ್ದ, ಇದನ್ನೆಲ್ಲಾ ಕೇಳಾಕ ನನಗ ಬ್ಯಾರೆ ಯಾರಿದ್ರು?"

ಅಂದಿನಿಂದ ಅರ್ಜುನಪ್ಪ ಒಳಗೆ ಬಂದು, ಉಂಡು, ವರ್ಷಕ್ಕೊಂದು ಸಿದ್ದಪ್ಪನ ಸುದ್ದಿ ಹೇಳಿ ಹೋಗುತ್ತಿದ್ದ. ಮಿಲಿಟರಿಯಲ್ಲಿ ಅವರಿಬ್ಬರೂ ಕೂಡಿ ಇದ್ದದ್ದೇ ಎರಡು ವರ್ಷ. ಖರೇ ಸುದ್ದಿ ಎಷ್ಟು ದಿನ ಬಂದಾವು? ಒಮ್ಮೆ ಹೀಗೆ ಹೇಳಿದನಂತೆ: ಹೊಳೆ ದಾಟುವಾಗ ಲಾರಿಯೊಂದು ನಡುನೀರಿನಲ್ಲಿ ಸಿಕ್ಕಿಕೊಂಡಿತು, ಒಳಗೆ ಮೂವರು ಸೈನಿಕರಿದ್ದರು, ಸಿದ್ದಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಿಮದ ನೀರಿಗೆ ಇಳಿದು ಮೂವರನ್ನೂ ಎಳೆದು ತಂದ.

ಕಾಳವ್ವ ಮೆಲ್ಲಗೆ ನಕ್ಕಳು. "ನಮ್ಮ ಸಿದ್ದಗ ಈ ಊರ ಕೆರಿಗೆ ಇಳಿಯಾಕ ಹೆದರಿಕಿ. ಅದು ನಿಮ್ಮಪ್ಪಂದ ಸುದ್ದಿ. ಹಗ್ಗ ಹ್ಯಾಂಗ ಕೊಯ್ತು ಅಂತ ಹೇಳುವಾಗ ತನ್ನ ಸೊಂಟಾ ಮುಟ್ಟಿ ಮುಟ್ಟಿ ನೋಡ್ಕೊಂತಿದ್ದ. ನಾ ತಿಳಿದಿದ್ರೂ ಕೇಳತಿದ್ದೆ. ಅಂಥಾವು ಇನ್ನೂ ಅದಾವ, ಹೇಳ್ತೇನಿ."

ಅಪ್ಪ ಮಿಲಿಟರಿಯಲ್ಲಿ ಏನು ಮಾಡಿದ ಅಂತ ಯಾರಾದರೂ ಕೇಳಿದರೆ, ಲಾರಿ ಓಡಿಸಿದ, ಅಷ್ಟೇ, ಅಂತ ಹೇಳುತ್ತ ಬೆಳೆದವಳು ಕರುಣಾ. ಅಪ್ಪನ ಸೊಂಟದ ಗೆರೆಯ ಗುರುತು ಕೊನೆಗಾಲದಲ್ಲಿ ಮೈ ಒರೆಸುವಾಗ ಕಂಡಿತ್ತು. ಯಾವುದೋ ಹಳೆಯ ಗಾಯ ಅಂದುಕೊಂಡಿದ್ದಳು. ಅಲ್ಲಿ ಇನ್ನು ಕೂಡಲು ಅವಳಿಂದ ಆಗಲಿಲ್ಲ. ಬರ್ತೇನಿ ಅಜ್ಜಿ ಅಂದವಳು, ಬಸ್ಸಿಗೆ ಇನ್ನೂ ಹೊತ್ತಿದ್ದರೂ ಎದ್ದು ಕೆರೆ ದಂಡೆಯ ಮೇಲೆ ಬಿರಬಿರನೆ ನಡೆದಳು. ಒಬ್ಬ ಸತ್ತ ದಿನ ತಾನು ಹುಟ್ಟಿದ್ದು ಮನಸ್ಸಿನಿಂದ ಹೋಗಲಿಲ್ಲ. ಹೋಗುವಂಥದ್ದೂ ಅಲ್ಲ ಅನ್ನಿಸಿತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದಳು. ಅವ್ವ ಹಗುರಾಗುತ್ತಾಳೆ ಅಂದುಕೊಂಡಿದ್ದಳು. ಶೇವಂತೆವ್ವ ಸಿಟ್ಟಾದಳು. ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ಕೆಳಗಿಳಿಸಿ ತಿಕ್ಕತೊಡಗಿದಳು.

"ಹೊಳಿ ಸುದ್ದಿ ಅಕಿಗೆ ಹೇಳಿದ. ನನಗ್ಯಾಕ ಹೇಳಲಿಲ್ಲ? ಬಾಜೂಕ ಮಲಗಾಕಿ ನಾನು."

ಆ ರಾತ್ರಿ ಅವಳು ಉಣ್ಣಲಿಲ್ಲ. ಮರುದಿನ ಕರುಣಾ ಕೆಲಸಕ್ಕೆ ಹೊರಟಾಗ, ಮುಗದದ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದಳು. ಜೊತೆಗೆ ಬರುತ್ತೇನೆ ಅಂದರೆ ಬೇಡವೆಂದಳು.

ಅವತ್ತು ಕಾರ್ಖಾನೆಯಲ್ಲಿ ಕರುಣಾಳ ಜೀವ ಅರ್ಧ ಮುಗದದಲ್ಲೇ ಇತ್ತು. ಇಬ್ಬರು ಜಗಳಾಡಿದರೋ, ಅತ್ತರೋ, ಕಾಳವ್ವ ಒಳಗೆ ಕರೆದಳೋ ಇಲ್ಲವೋ. ಅವ್ವನಿಗೆ ನಾಲ್ಕು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಸಂಜೆ ಮನೆಗೆ ಬಂದರೆ ಬೀಗ. ಆರೂವರೆಗೆ ಶೇವಂತೆವ್ವ ಓಣಿಯ ತಿರುವಿನಲ್ಲಿ ಕಾಣಿಸಿದಳು. ಕೈಯಲ್ಲಿ ಕಾಳವ್ವ ಕೊಟ್ಟ ಅವರೆಕಾಯಿಯ ಚೀಲ. ಅತ್ತು ಅತ್ತು ಕಣ್ಣು ಬಾತಿದ್ದವು. ಬೀಗ ತೆಗೆದು ಒಳಗೆ ಹೋದಳು.

ಕರುಣಾ ಹೊಸ್ತಿಲಲ್ಲೇ ನಿಂತು ಕೇಳಿದಳು, "ಏನಂದಳವ್ವ ಅಕಿ?"

"ಬಾ, ಕೂಡು ಇಲ್ಲೆ," ಅಂದಳು ಶೇವಂತೆವ್ವ. ಚೀಲವನ್ನು ನೆಲದ ಮೇಲೆ ಸುರುವಿ, ಕಾಯಿ ಸುಲಿಯುತ್ತ, ಕಾಳವ್ವನಿಂದ ಕೇಳಿ ಬಂದ ಅಪ್ಪನ ಸುದ್ದಿಗಳನ್ನು ಒಂದೊಂದಾಗಿ ಹೇಳತೊಡಗಿದಳು.