ಟ್ಯಾಂಕಿನ ಮೇಲಿನ ಹೆಸರು

ಖುರ್ಷೀದಮ್ಮನ ಶೆಡ್ಡಿನಿಂದ ಹೆಸರಿಲ್ಲದೆ ಹೊರಬಿದ್ದ ಗಾಡಿ ಒಂದೂ ಇಲ್ಲ. ಯಶವಂತಪುರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು ಅದು. ಗಂಡ ತೀರಿಕೊಂಡಾಗ ಹೆಂಗಸಿನ ಕೈಲಿ ಇದೆಲ್ಲ ಆಗುತ್ತದೆಯೇ ಎಂದವರೇ ಈಗ ಲಾರಿ ತಂದು ಬಾಗಿಲಲ್ಲಿ ಕಾಯುತ್ತಾರೆ. ಹಿಂಬದಿಯಲ್ಲಿ ‘ಖುರ್ಷೀದ್ ಬಾಡಿ ಬಿಲ್ಡರ್ಸ್, ಯಶವಂತಪುರ’ ಎಂದು ಬರೆಸಿದ ಮೇಲೆಯೇ ಅವಳು ಕೀ ಕೊಡುವುದು. ಹೆಸರಿರುವ ಗಾಡಿ ಯಾವಾಗ ಕೆಟ್ಟು ಬಂದರೂ ಬಾಡಿ ರಿಪೇರಿ ಪುಕ್ಕಟೆ.

ಅಂಥವಳ ಹತ್ತಿರ ಯಲಹಂಕದ ಶಿವರಾಮ್ ತನ್ನ ತಾತನ ಕಾರಿನ ಅಸ್ಥಿಪಂಜರ ತಂದ. ನೂರು ವರ್ಷ ದಾಟಿದ ಅಮೆರಿಕದ ಕಾರು. ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಚಿಕ್ಕಜಾಲದ ದ್ರಾಕ್ಷಿ ತೋಟದಲ್ಲಿ ಬಾವಿಯಿಂದ ನೀರೆತ್ತಿಕೊಂಡು ಅದರ ಇಂಜಿನ್ ಹೇಗೋ ಬದುಕಿತ್ತು. ಬಾಡಿ ಮಾತ್ರ ಗುಜರಿ ಸೇರಿತ್ತು. ಉಳಿದದ್ದು ತಾತ ರೇಸಿಗೆ ಹೊರಟು ನಿಂತ ಒಂದು ಫೋಟೊ: ಬಾಗಿಲಿಲ್ಲ, ಗಾಜಿಲ್ಲ, ಬರೀ ಎರಡು ಸೀಟು, ಅವುಗಳ ಬೆನ್ನಿಗೆ ಡ್ರಮ್ಮಿನಂಥ ಪೆಟ್ರೋಲ್ ಟ್ಯಾಂಕು.

ಇಂಥ ಬೋಳು ಗಾಡಿಗೆ ಇಷ್ಟೊಂದು ಸಡಗರವೇ ಎಂದು ಖುರ್ಷೀದಮ್ಮ ನಕ್ಕಳು. ನಕ್ಕದ್ದು ಅವತ್ತು ಮಾತ್ರ. ತಗಡು ಬಗ್ಗಿಸಿ, ಫೋಟೊ ನೋಡಿ, ಮನಸ್ಸಿಗೆ ಬಾರದೆ ಎಸೆದು, ಮತ್ತೆ ಬಗ್ಗಿಸಿ, ಕೊನೆಗೆ ಬಾನೆಟ್ಟಿನಿಂದ ಟ್ಯಾಂಕಿನವರೆಗೆ ಗೆರೆ ಎಲ್ಲೂ ಮುಗ್ಗರಿಸದಂತೆ ತಂದಳು. ಅಷ್ಟು ಚೆಂದದ್ದನ್ನು ತಾನು ಹಿಂದೆಂದೂ ಮಾಡಿರಲಿಲ್ಲ ಎಂದು ಅವಳಿಗೇ ಗೊತ್ತಿತ್ತು. ಪದ್ಧತಿಯಂತೆ ಟ್ಯಾಂಕಿನ ಹಿಂದೆ ಹೆಸರು ಬರೆಸಿದಳು.

ಶಿವರಾಮನ ಮುಖ ಹುಳ್ಳಗಾಯಿತು. ಹಳೇ ಕಾರುಗಳ ಪ್ರದರ್ಶನದವರಿಗೆ ಬಾಡಿಯೂ ತಾತನ ಕಾಲದ್ದೇ ಎಂದು ಹೇಳಿಬಿಟ್ಟಿದ್ದನಂತೆ. ಅಳಿಸಿ ಎಂದು ಕೇಳಿಕೊಂಡ.

“ಹೆಸರು ಮೆರೆಯೋಕಲ್ಲ ಸಾರ್. ನಾಳೆ ಮುರಿದ್ರೆ ಯಾರನ್ನ ಕೇಳ್ಬೇಕು ಅಂತ ಗೊತ್ತಿರ್ಲಿ ಅಂತ.”

ಅವನು ಕಾರು ಒಯ್ದ. ಪ್ರದರ್ಶನದ ಹಿಂದಿನ ದಿನ ತಾನೇ ಬ್ರಷ್ ಹಿಡಿದು ಹೆಸರಿನ ಮೇಲೆ ಕಪ್ಪು ಬಣ್ಣ ಬಳಿದ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮರುದಿನ ಪ್ರದರ್ಶನದ ಗೇಟಿನಲ್ಲೇ ಟ್ಯಾಂಕನ್ನು ಬಿಗಿದಿದ್ದ ತಗಡಿನ ಪಟ್ಟಿ ತುಂಡಾಗಿ, ಟ್ಯಾಂಕು ಒಂದು ಪಕ್ಕಕ್ಕೆ ಜಾರಿತು. ಹಿಂದೆ ಕಾರುಗಳು ಸಾಲುಗಟ್ಟಿದವು. ತೀರ್ಪುಗಾರರೂ ಬಂದು ನಿಂತರು. ಶಿವರಾಮ್ ಬೇರೆ ದಾರಿ ಕಾಣದೆ ಖುರ್ಷೀದಮ್ಮನಿಗೆ ಫೋನ್ ಮಾಡಿದ.

ಆಟೋದಲ್ಲಿ ಸಾಮಾನಿನ ಪೆಟ್ಟಿಗೆ ಸಮೇತ ಬಂದಿಳಿದವಳ ಕಣ್ಣು ಮೊದಲು ಬಿದ್ದದ್ದು ಆ ಕಪ್ಪು ಪಟ್ಟೆಯ ಮೇಲೆ. ಪೆಟ್ಟಿಗೆ ಕೆಳಗಿಟ್ಟು ಕೈಕಟ್ಟಿ ನಿಂತಳು.

“ನಮ್ಮ್ ಹೆಸರಿರೋ ಗಾಡಿ ಆದ್ರೆ ನಾನ್ ಮಾಡ್ತೀನಿ ಸಾರ್. ಇದ್ರಲ್ಲಿ ಹೆಸರೇ ಇಲ್ವಲ್ಲ. ಕಟ್ಟಿದೋರನ್ನ ಕರೀರಿ.”

ಹಾಗಾದರೆ ಕಟ್ಟಿದವರು ಯಾರು ಎಂದು ತೀರ್ಪುಗಾರರೊಬ್ಬರು ಕೇಳಿದರು. ಶಿವರಾಮ್ ಒಮ್ಮೆ ಅವರನ್ನು, ಒಮ್ಮೆ ಅವಳನ್ನು ನೋಡಿದ. ಆಮೇಲೆ ಬಟ್ಟೆಯೊಂದನ್ನು ಪೆಟ್ರೋಲಿನಲ್ಲಿ ಅದ್ದಿ ಟ್ಯಾಂಕನ್ನು ಉಜ್ಜತೊಡಗಿದ. ನಿನ್ನೆಯ ಬಣ್ಣ, ಇನ್ನೂ ಕಚ್ಚಿರಲಿಲ್ಲ. ‘ಖುರ್ಷೀದ್’ ಕಾಣಿಸಿತು. ಅವಳು ಕದಲಲಿಲ್ಲ.

“ಯಶವಂತಪುರಾನೂ ಬರ್ಲಿ,” ಎಂದಳು.

ಅದೂ ಬಂತು. ಆಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದಳು. ನೋಡುತ್ತಲೇ ತಿಳಿಯಿತು. ಫೋಟೊದಲ್ಲಿದ್ದಷ್ಟೇ ಸಪೂರವಾಗಿ ಕಾಣಲಿ ಎಂಬ ಆಸೆಗೆ ಪಟ್ಟಿಯನ್ನು ತೆಳ್ಳಗೆ ಕತ್ತರಿಸಿದವಳು ಅವಳೇ.

“ಪಟ್ಟಿ ತಡೀಲಿಲ್ಲ. ತಪ್ಪು ನಂದೇ,” ಎಂದು ಗೇಟಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿ, ಖುರ್ಷೀದಮ್ಮ ಪೆಟ್ಟಿಗೆ ತೆರೆದಳು.