ಸಂಜೆಯ ರೈಲಿನವರೆಗೆ

ಅಣ್ಣ ಆನ್ಸೆಲ್ಮ್ ತೀರಿಕೊಂಡ ಸುದ್ದಿ ಒದೀಲಳಿಗೆ ತಿಳಿದದ್ದು ಗುರುವಾರ ಬೆಳಿಗ್ಗೆ, ಕಾಫಿ ಇನ್ನೂ ಒಲೆಯ ಮೇಲಿದ್ದಾಗ. ಲಿಯೋನಿನ ಆಸ್ಪತ್ರೆಯಿಂದ ಅಣ್ಣನ ಮಗ ರೆಮಿ ಫೋನ್ ಮಾಡಿದ್ದ.

"ಅತ್ತೆ, ಅಮ್ಮನಿಗೆ ಹೇಳ್ಬೇಡಿ. ಅವಳ ಎದೆ ಮೊದಲೇ ಸರಿಯಿಲ್ಲ. ಸಂಜೆ ರೈಲಿಗೆ ಬಂದು ನಾನೇ ಹೇಳ್ತೀನಿ. ಅಲ್ಲಿವರೆಗೆ ಎಲ್ಲಾದ್ರೂ ಸುತ್ತಾಡಿಸ್ತಿರಿ. ಮಾತು ಕೊಡಿ."

ಒದೀಲ್ ಮಾತು ಕೊಟ್ಟಳು. ಒಳಕೋಣೆಯಲ್ಲಿ ಅತ್ತಿಗೆ ಬ್ಲಾಂದೀನ್ ಏನನ್ನೋ ಗುನುಗುತ್ತ ತಲೆ ಬಾಚಿಕೊಳ್ಳುತ್ತಿದ್ದಳು. ಗಂಡನ ಹಾಸಿಗೆಯ ಪಕ್ಕ ಕೂತು ಕೂತು ಸೊರಗಿದವಳನ್ನು, ಒಂದು ದಿನ ಗಾಳಿ ಬದಲಾಗಲಿ ಎಂದು ಮಗನೇ ಹಿಂದಿನ ಸಂಜೆ ದಿಜೋನಿನ ಈ ಮನೆಗೆ ಕಳಿಸಿದ್ದ.

"ಯಾರದು ಫೋನು?"

"ರೆಮಿದು. ಚೆನ್ನಾಗಿ ಓಡಾಡಿ ಅಂದ."

ಇದು ಸುಳ್ಳೇನಲ್ಲ ಎಂದು ಒದೀಲ್ ತನಗೆ ತಾನೇ ಹೇಳಿಕೊಂಡಳು. ಕಪ್ಪು ಶಾಲಿನ ಕಡೆಗೆ ಹೋದ ಕೈಯನ್ನು ಹಿಂದಕ್ಕೆಳೆದು ಬೂದು ಬಣ್ಣದ್ದನ್ನು ಹೊದ್ದಳು.

ಶರತ್ಕಾಲದ ಎಳೆಬಿಸಿಲು. ಬ್ಲಾಂದೀನಳಿಗೆ ಅವಸರವಿರಲಿಲ್ಲ. ಮರದ ತೊಲೆಗಳ ಹಳೆಯ ಮನೆಗಳ ಮುಂದೆ ನಿಲ್ಲುವಳು, ಬಣ್ಣದ ಹೆಂಚಿನ ಮಾಡುಗಳನ್ನು ಕತ್ತೆತ್ತಿ ನೋಡುವಳು. ಚರ್ಚಿನ ಮೇಲಿನ ಗಡಿಯಾರದಲ್ಲಿ ಝಾಕ್ಮಾರ್ ಎಂಬ ಲೋಹದ ಗೊಂಬೆ ಗಂಟೆ ಹೊಡೆದಾಗ ನಕ್ಕಳು.

"ಪಾಪ, ಒಂಟಿಯಾಗಿದ್ದಾನೆ ಅಂತ ಊರಿನವರೇ ಮದುವೆ ಮಾಡಿಸಿದ್ರಂತೆ. ಈಗ ಹೆಂಡ್ತಿ ಮಕ್ಕಳೆಲ್ಲ ಸೇರಿ ಗಂಟೆ ಹೊಡೀತಾರೆ. ಆದ್ರೂ ಅವನ ಮುಖ ಸಪ್ಪಗೇ ಇದೆ ನೋಡು. ನಿಮ್ಮಣ್ಣ ಊಟಕ್ಕೆ ಮುಂಚೆ ಹೀಗೇ ನಿಂತಿರ್ತಾರೆ."

ಒದೀಲ್ ನಗಲು ಹೋದಳು. ತುಟಿ ಅಲುಗಿತು, ಅಷ್ಟೆ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ನಡೆದಂತಿತ್ತು ಅವಳಿಗೆ. ಎದುರಿಗೆ ಪರಿಚಯದ ಮುಖ ಕಂಡರೆ ಸಾಕು, ಇವರಿಗೆ ಸುದ್ದಿ ಮುಟ್ಟಿದೆಯೋ ಏನೋ ಎಂದು ಅತ್ತಿಗೆಯನ್ನು ಆಚೆ ಬದಿಗೆ ತಿರುಗಿಸುತ್ತಿದ್ದಳು.

ಸಂತೆಯ ಚಾವಡಿಯಲ್ಲಿ ಚೀಸ್ ಮಾರುವ, ಮನೆಯವರನ್ನೆಲ್ಲ ಬಲ್ಲ ಮದಾಮ್ ಪೆರ್ನೆ ದೂರದಿಂದಲೇ ಕೂಗಿದಳು: "ಆನ್ಸೆಲ್ಮ್ ಹೇಗಿದ್ದಾರಮ್ಮಾ?"

"ನಿನ್ನೆ ನರ್ಸನ್ನ ಬೈದ್ರು. ಹಾಗಾದ್ರೆ ಚೆನ್ನಾಗಿದ್ದಾರೆ ಅಂತ್ಲೇ ಲೆಕ್ಕ" ಎಂದಳು ಬ್ಲಾಂದೀನ್. ಅಲ್ಲಿಂದ ಮುಂದಿನ ಅಂಗಡಿಗೆ ಹೋಗಿ, ನಾಳೆ ಒಯ್ಯಲು ಎಂದು ಗಂಡನಿಗೆ ಜೇನುತುಪ್ಪದ ಮಸಾಲೆ ರೊಟ್ಟಿ ಕಟ್ಟಿಸಿಕೊಂಡಳು. "ಗಟ್ಟಿದು ಕೊಡಪ್ಪ. ಮೆತ್ತಗಿದ್ರೆ ಹಲ್ಲಿಲ್ಲದೋರಿಗೆ ಕೊಡು ಅಂತ ನನಗೇ ವಾಪಸ್ ಕೊಡ್ತಾರೆ."

ಮಧ್ಯಾಹ್ನ ಊಟದ ಹೋಟೆಲಿನಲ್ಲಿ ಕೆಂಪು ದ್ರಾಕ್ಷಾರಸದಲ್ಲಿ ಬೇಯಿಸಿದ ಮೊಟ್ಟೆ ಬಂತು. ಒದೀಲ್ ಬ್ರೆಡ್ಡಿನ ತುಂಡನ್ನು ರಸದಲ್ಲಿ ಅದ್ದಿ ಅದ್ದಿ ಹಾಗೇ ಇಟ್ಟಳು.

"ಏನೇ, ಇವತ್ತು ಶುಕ್ರವಾರ ಅಲ್ವಲ್ಲ. ನೀನು ಹೀಗೆ ಉಪವಾಸ ಮಾಡಿದ್ರೆ ಸಂತರೆಲ್ಲ ಎದ್ದು ನಿನಗೆ ಜಾಗ ಬಿಡ್ಬೇಕಾಗುತ್ತೆ."

"ಹಸಿವಿಲ್ಲ ಅತ್ತಿಗೆ."

"ಸರಿ ಬಿಡು, ನಾನೇ ತಿಂತೀನಿ. ಆಮೇಲೆ ಅಂಚೆ ಕಚೇರಿಗೆ ಹೋಗಿ ಆಸ್ಪತ್ರೆಗೊಂದು ಫೋನ್ ಮಾಡೋಣ."

ಒದೀಲ್ ತಟ್ಟನೆ ತಲೆಯೆತ್ತಿದಳು. "ಯಾಕೆ ಬಿಡಿ, ಸಂಜೆ ರೆಮಿನೇ ಬರ್ತಾನಲ್ಲ" ಎಂದುಬಿಟ್ಟಳು. ಆಡಿದ ಮಾತು ಕೈಜಾರಿದ ಗಾಜು.

ಬ್ಲಾಂದೀನ್ ಚಮಚ ಕೆಳಗಿಟ್ಟಳು. "ಬರ್ತಾನಾ? ಅವನಿಲ್ಲಿಗೆ ಬಂದ್ರೆ ಅಲ್ಲಿ ಅಪ್ಪನ ಹತ್ರ ಯಾರಿರ್ತಾರೆ?"

"ಯಾರೋ ಸ್ನೇಹಿತನಂತೆ. ನಿಮ್ಮನ್ನ ಕರ್ಕೊಂಡು ಹೋಗೋಕೆ ಬರ್ತಾನೆ, ಅಷ್ಟೆ."

ಈಗ ಅದು ಸುಳ್ಳೇ ಆಗಿತ್ತು. ಬ್ಲಾಂದೀನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಎದ್ದು ಕೋಟು ತೊಟ್ಟು, "ಫೋನ್ ಬೇಡ. ಮೊದಲು ಚರ್ಚಿಗೆ ಹೋಗೋಣ" ಎಂದಳು.

ಚರ್ಚಿನ ಪಕ್ಕದ ಓಣಿಯ ಗೋಡೆಯಲ್ಲಿ ಕಲ್ಲಿನ ಗೂಬೆಯೊಂದಿದೆ. ಎದೆಗೆ ಹತ್ತಿರವಾದ ಎಡಗೈಯಿಂದ ಅದನ್ನು ಸವರಿ ಬೇಡಿಕೊಳ್ಳುವುದು ಆ ಊರಿನ ವಾಡಿಕೆ. ತಲೆತಲಾಂತರದ ಕೈಗಳು ಸವರಿ ಅದಕ್ಕೀಗ ಮುಖವೇ ಉಳಿದಿಲ್ಲ. ಬ್ಲಾಂದೀನ್ ತುದಿಗಾಲಲ್ಲಿ ನಿಂತು ಸವರಿದಳು.

"ನೀನೂ ಮುಟ್ಟು. ಇಬ್ರು ಕೇಳಿದ್ರೆ ಅದರ ಕಿವಿಗೆ ಬಿದ್ದೀತು."

ಒದೀಲ್ ಮುಟ್ಟಿದಳು. ಕಲ್ಲಿಗೆ ಸುಳ್ಳು ಹೇಳಿದರೆ ಪಾಪ ಬರಲಾರದು ಎಂದುಕೊಂಡಳು.

ಒಳಗೆ ತಂಪು, ಮೇಣದ ವಾಸನೆ. ಭರವಸೆಯ ಮಾತೆಯ ಕರಿಯ ಮರದ ವಿಗ್ರಹದ ಮುಂದೆ ಬ್ಲಾಂದೀನ್ ಬತ್ತಿ ಹಚ್ಚಿ ಮೊಣಕಾಲೂರಿದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ನನ್ನ ಎದೆ ಯಾಕೋ ಹೊಡ್ಕೊಳ್ತಿದೆ, ಒದೀಲ್. ನಿನಗೆ ಪ್ರಾರ್ಥನೆ ಬಾಯಿಪಾಠ. ಅವರು ಹುಷಾರಾಗಿ ಮನೆಗೆ ಬರ್ಲಿ ಅಂತ ಬೇಡ್ಕೊ. ನೀನು ಹೇಳು, ನಿನ್ನ ಹಿಂದೆ ನಾನು ಹೇಳ್ತೀನಿ."

ಒದೀಲ್ ಕೈಮುಗಿದಳು. ಊಟದ ಮೇಜಿನಲ್ಲಿ ಸುಳ್ಳು ಹೇಳಿದ್ದಾಯಿತು, ಓಣಿಯ ಕಲ್ಲಿಗೆ ಹೇಳಿದ್ದಾಯಿತು. ಇಲ್ಲಿ ಹೇಗೆ ಹೇಳುವುದು? ಬೆಳಗಿನಿಂದ ಅಣ್ಣನ ಆತ್ಮ ಒಂದು ಪ್ರಾರ್ಥನೆಯೂ ಇಲ್ಲದೆ ನಿಂತಿದೆ. ಈಗ ಹುಷಾರಾಗಲಿ ಎಂದು ಬೇಡುವುದು ನೀರಿಗೆ ಬಾಯಿ ಬಿಟ್ಟವನಿಗೆ ಕಂಬಳಿ ಹೊದಿಸಿದಂತಲ್ಲವೇ? ಅವನ ಮೇಲೆ ಎಲ್ಲರಿಗಿಂತ ಮೊದಲ ಹಕ್ಕು ಇದ್ದ ಹೆಂಡತಿಗೇ ಅವನಿಗಾಗಿ ಬೇಡುವ ದಾರಿ ಮುಚ್ಚಿದೆ. ಆದರೆ ಹೇಳಿದಾಗ ಈ ಎದೆ ತಡೆಯದಿದ್ದರೆ? ರೆಮಿಗೆ ಕೊಟ್ಟ ಮಾತು?

ಅವಳು ಅತ್ತಿಗೆಯ ಮಣಿಕಟ್ಟು ಹಿಡಿದುಕೊಂಡಳು. ನಾಡಿ ಹಕ್ಕಿಯಂತೆ ಹಾರುತ್ತಿತ್ತು.

"ಅತ್ತಿಗೆ, ಆ ಪ್ರಾರ್ಥನೆ ನನ್ನಿಂದ ಆಗಲ್ಲ. ಅಣ್ಣ ಬೆಳಗಿನ ಜಾವ ಹೋಗಿಬಿಟ್ಟ."

ಒದೀಲ್ ಬೆರಳನ್ನು ನಾಡಿಯ ಮೇಲೆ ಒತ್ತಿ ಹಿಡಿದು ಕಾದಳು. ಅದು ಒಂದು ಸಲ ತಡವರಿಸಿತು, ಮತ್ತೆ ನಡೆಯಿತು.

"ಫೋನು ಅದೇನಾ?"

"ಹೂಂ. ರೆಮಿ ಹೇಳ್ಬೇಡಿ ಅಂದಿದ್ದ."

"ಮಸಾಲೆ ರೊಟ್ಟಿ ಕೊಂಡ್ಕೊಳ್ಳೋವಾಗ್ಲೂ ಸುಮ್ನಿದ್ಯಲ್ಲೇ" ಎಂದಳು ಬ್ಲಾಂದೀನ್. ದನಿಯಲ್ಲಿ ಸಿಟ್ಟಿತ್ತು. ಹಿಡಿದ ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು, "ಹಾಗಾದ್ರೆ ಇನ್ನೊಂದು ಪ್ರಾರ್ಥನೆ ಹೇಳು" ಎಂದಳು. "ಬೆಳಗಿಂದ ಕಾಯ್ತಿದ್ದಾರೆ, ಅವರಿಗೆ ತಡವಾಯ್ತು."

ಒದೀಲ್ ಹೇಳಿದಳು, ಬ್ಲಾಂದೀನ್ ಒಂದೊಂದೇ ಮಾತಾಗಿ ಹಿಂದೆ ಹೇಳಿದಳು: ಕರುಣಾಳುವಾದ ದೇವರೇ, ನಿನ್ನ ಸೇವಕ ಆನ್ಸೆಲ್ಮನನ್ನು ನಿನ್ನ ಬಳಿಗೆ ಕರೆದುಕೋ. ತಿಳಿದೂ ತಿಳಿಯದೆಯೂ ಅವನು ಮಾಡಿದ ತಪ್ಪುಗಳನ್ನು ಮನ್ನಿಸು. ದಣಿದವನಿಗೆ ವಿಶ್ರಾಂತಿ ಕೊಡು. ಆರದ ನಿನ್ನ ಬೆಳಕು ಅವನ ಮೇಲಿರಲಿ. ಅವನ ಆತ್ಮಕ್ಕೆ ಶಾಂತಿಯಾಗಲಿ. ಆಮೆನ್.