ದೇವರ ಎತ್ತು ಮೈ ತಿಕ್ಕಿದ ಪೆಟ್ಟಿಗೆ

ಹೊಸ ಪೆಟ್ಟಿಗೆ ಒಂದಕ್ಕೆ ಎರಡು ಲಕ್ಷ. ಅದರೊಳಗಿನ ಬೆಳಕು ಹಿಡಿಯುವ ಗಾಜಿನ ಕೊಳವೆಗೆ ಬೇರೆ ಅರವತ್ತು ಸಾವಿರ. ಸುತ್ತ ಮುಳ್ಳುತಂತಿ ಬೇಲಿಗೆ ನಲವತ್ತು ಸಾವಿರ ಬೇಕಿತ್ತು. ಅದೊಂದನ್ನು ಮಾತ್ರ ಸಂಶೋಧನಾ ಕೇಂದ್ರದ ಗೋವರ್ಧನ ಸಾಹೇಬರು ಲೆಕ್ಕದಿಂದ ಹೊಡೆದುಹಾಕಿದರು. ಕಾವಲಿಗೆ ಪಾಲಣ್ಣ ಇದ್ದಾನಲ್ಲ, ತಿಂಗಳಿಗೆ ಮೂರು ಸಾವಿರಕ್ಕೆ!

ಆಕಾಶದ ಆಳದಿಂದ ಬಂದ ಕಣವೊಂದು ಮೇಲಿನ ಗಾಳಿಗೆ ಬಡಿದು, ಸಾವಿರಾರು ಚೂರಾಗಿ ನೆಲಕ್ಕೆ ಸುರಿಯುತ್ತದಂತೆ. ಅದನ್ನು ಹಿಡಿಯಲು ಕುದಾಪುರದ ಹುಲ್ಲುಗಾವಲಿನಲ್ಲಿ ಹಳೆಯ ಪೆಟ್ಟಿಗೆಗಳು ದೂರದೂರ ಕೂತಿದ್ದವು. ಕಣಗಳ ಸಣ್ಣ ಸುರಿತವೂ ತಪ್ಪಿಸಿಕೊಳ್ಳಬಾರದೆಂದು ಆ ವರ್ಷ ಅವುಗಳ ನಡುವೆ ಹೊಸವನ್ನು ತುಂಬಿದರು. ದನ ಓಡಾಡುವ ದಾರಿ ಇಕ್ಕಟ್ಟಾಯಿತು. ಕೆಲಸ ಸುಸೂತ್ರ ಮುಗಿದರೆ ಪಾಲಣ್ಣನ ನೌಕರಿ ಕಾಯಂ ಎಂದು ಸಾಹೇಬರು ಮಾತು ಕೊಟ್ಟಿದ್ದರು.

ಆದರೆ ಬರುತ್ತಿದ್ದವು ಬರೀ ದನವಲ್ಲ, ಊರವರು ದೇವರ ಹೆಸರಿಗೆ ಬಿಟ್ಟ ಎತ್ತುಗಳು. ಅವಕ್ಕೆ ನೊಗ ಕಟ್ಟುವುದಿಲ್ಲ, ಕೋಲೆತ್ತುವುದಿಲ್ಲ. ಪಾಲಣ್ಣನ ಅಪ್ಪ, ತಾತ ಅವುಗಳನ್ನೇ ಕಾದವರು. ಎತ್ತುಗಳು ಮೈ ತುರಿಸಿದಾಗ ಪೆಟ್ಟಿಗೆಗೆ ಬಂದು ತಿಕ್ಕುತ್ತಿದ್ದವು. ಹೊಡೆಯಲಾರದೆ ಪಾಲಣ್ಣ ಒಂದು ಉಪಾಯ ಹೂಡಿದ. ಆಚೆಯ ಬಂಡೆಯ ಮೇಲೆ ಕಲ್ಲುಪ್ಪು ಇಟ್ಟ, ಅತ್ತ ಹೋಗಲಿ ಎಂದು. ಉಪ್ಪಿನ ರುಚಿ ಹತ್ತಿದ್ದೇ ತಡ, ಎಲ್ಲೋ ಮೇಯುತ್ತಿದ್ದ ಹಿಂಡೆಲ್ಲ ದಿನವೂ ಬರತೊಡಗಿತು. ನೆಕ್ಕಿ ಮುಗಿಸಿ ಪೆಟ್ಟಿಗೆಗಳಿಗೇ ಮೈ ತಿಕ್ಕಿತು. ಒಂದರ ಮುಚ್ಚಳ ಸೀಳಿ, ಒಳಗೆ ಬಿಸಿಲು ನುಗ್ಗಿ, ಕತ್ತಲಲ್ಲೇ ಇರಬೇಕಾದ ಕೊಳವೆ ಸುಟ್ಟುಹೋಯಿತು.

“ಯಾವನೋ ಇಲ್ಲಿ ಉಪ್ಪು ಸುರಿದವನು?” ಸಾಹೇಬರು ಅಬ್ಬರಿಸಿದರು.

“ನಾನೇ ಸಾರ್. ಹೊಡೆಯೋ ಹಂಗಿಲ್ಲವಲ್ಲ, ಅದಕ್ಕೆ.”

“ಬೀಗರನ್ನ ಊಟಕ್ಕೆ ಕರೆದ ಹಾಗೆ ಕರೆದಿದೀಯಲ್ಲೋ! ಸಂಬಳ ಇದಕ್ಕೇನೋ?”

ಸಾಹೇಬರು ಕಬ್ಬಿಣದ ಸರಳೆತ್ತಿ ಹತ್ತಿರದ ಎತ್ತಿಗೆ ಬೀಸಿದರು. ಪಾಲಣ್ಣ ಅಡ್ಡ ನುಗ್ಗಿದ. ಏಟು ಅವನ ಮೊಣಕೈಗೆ ಬಿತ್ತು. ಅಲ್ಲಿಯತನಕ ತಗ್ಗಿದ್ದ ತಲೆ ಮೇಲೆದ್ದಿತು. ಸರಳು ಕಿತ್ತುಕೊಂಡು ಹುಲ್ಲಿಗೆಸೆದ.

“ಉಪ್ಪಿಟ್ಟಿದ್ದು ನನ್ನ ತಪ್ಪು, ಒಪ್ತೀನಿ. ಬೇಲಿ ಬ್ಯಾಡ ಅಂದಿದ್ದು ಯಾರ ತಪ್ಪು? ಲಕ್ಷಗಟ್ಲೆ ಮಾಲು ಬಯಲಾಗೆ ಬಿಸಾಕಿ, ದೇವರ ಮ್ಯಾಲೆ ಕೈ ಮಾಡ್ತೀರಾ? ಇನ್ನೊಂದ್ಸಲ ಎತ್ರಿ, ನೋಡಾನ!”

“ನಾಳೆಯಿಂದ ಈ ಕಡೆ ಕಾಲಿಡಬೇಡ!”

“ಕರೆದ್ರೂ ಬರಲ್ಲ, ಹೋಗ್ರಿ!”

ಪಾಲಣ್ಣ ಎತ್ತುಗಳನ್ನು ಬಾಯಲ್ಲೇ ಕರೆಯುತ್ತ ಹೊರಟ. ಮನೆಯಲ್ಲಿ ಅವನ ಹೆಂಡತಿ ಕಾಟಮ್ಮ ಊದಿದ ಕೈಗೆ ಅರಿಶಿನ ಹಚ್ಚುತ್ತ, ಬೈದದ್ದು ಸಾಹೇಬರನ್ನಷ್ಟೇ ಅಲ್ಲ, ಇವನನ್ನೂ.

ಪೆಟ್ಟಿಗೆ ರಿಪೇರಿಯಾಯಿತು, ಹಿಂದೆ ಸಿಗದ ಸಣ್ಣ ಸುರಿತಗಳೂ ಸಿಕ್ಕವು. ದೇವರ ಎತ್ತಿಗೆ ಏಟು ಬೀಳಲಿಲ್ಲ. ಕಾಯಂ ಆಗಬೇಕಿದ್ದ ನೌಕರಿ ಮಾತ್ರ ಪಾಲಣ್ಣನ ಕೈತಪ್ಪಿತು.